ಕೊಲಾರೋವ್‌ನ ಎಡಗಾಲು

ಫುಟ್‌ಬಾಲ್ ನೋಡುವವರಲ್ಲಿ ಎರಡು ಜಾತಿ. ಗೋಲು ಹೊಡೆಯುವವನ ಹಿಂದೆ ಕಣ್ಣು ಓಡಿಸುವವರು ಒಂದು. ಗೋಲು ಬೀಳದ ಹಾಗೆ ಕಾಯುವವನನ್ನೇ ನೋಡುತ್ತ ಕೂರುವವರು ಇನ್ನೊಂದು. ನಾನು ಎರಡನೆಯ, ಅಲ್ಪಸಂಖ್ಯಾತ ಪಂಗಡದವನು. ದುಬೈಗೆ ಬಂದ ಮೇಲೆ ನನ್ನ ಈ ಚಟಕ್ಕೆ ಸಿಕ್ಕವನು ಅಲೆಕ್ಸಾಂಡರ್ ಕೊಲಾರೋವ್. ಹೆಸರು ಕೇಳಿ, ನಮ್ಮ ಕೋಲಾರದ ಕಡೆಯವನೇನೋ ಎಂದು ಚೇಷ್ಟೆ ಮಾಡಿದ ಗೆಳೆಯರುಂಟು. ಹುಟ್ಟಿದ್ದು ಬೆಲ್‌ಗ್ರೇಡಿನಲ್ಲಿ, 1985ರಲ್ಲಿ.

ಈ ಸರ್ಬಿಯಾದವನು ನಮಗೆ ಹತ್ತಿರದವನಾದದ್ದು ಅಬುಧಾಬಿಯ ದುಡ್ಡಿನಿಂದ. 2008ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶೇಖ್ ಮನ್ಸೂರ್ ಮ್ಯಾಂಚೆಸ್ಟರ್ ಸಿಟಿ ತಂಡವನ್ನು ಕೊಂಡರು. ಎತಿಹಾದ್ ವಿಮಾನ ಕಂಪನಿಯ ಹೆಸರು ಮೊದಲು ಆಟಗಾರರ ಎದೆಗೇರಿತು, ಆಮೇಲೆ ಮೈದಾನದ ಹಣೆಗೆ. 2010ರಲ್ಲಿ ಇಟಲಿಯ ಲಾಜಿಯೋದಿಂದ ಕೊಲಾರೋವ್ ಬಂದ. ಪ್ರೀಮಿಯರ್ ಲೀಗ್ ಪ್ರಸಾರವೂ ಅದೇ ವರ್ಷ ಅಬುಧಾಬಿಯ ಚಾನೆಲ್‌ಗೆ ಬಂತು. ತಂಡವೂ ಇವರದ್ದು, ಟಿವಿಯೂ ಇವರದ್ದು. ನೋಡುವವರು ಮಾತ್ರ ನಾವು.

ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಇಂಗ್ಲೆಂಡಿನ ಮಧ್ಯಾಹ್ನ ಮೂರರ ಆಟ ಚಳಿಗಾಲದಲ್ಲಿ ನಮಗೆ ಸಂಜೆ ಏಳಕ್ಕೆ. ಕರಾಮಾದ ಕೆಫೆಟೇರಿಯಾದಲ್ಲಿ ಕರಕ್ ಚಹಾ ಹಿಡಿದು ಕೂತರೆ ಗಲ್ಲಾದಲ್ಲಿದ್ದ ಕಾಸರಗೋಡಿನ ಕಾಕನದ್ದು ಒಂದೇ ತಕರಾರು: “ಇವ ಹಿಂದೆ ನಿಲ್ಲುವವನಾ, ಮುಂದೆ ಓಡುವವನಾ ಮಾರಾಯ್ರೆ?” ತಕರಾರಿನಲ್ಲಿ ಹುರುಳಿತ್ತು. ಲೆಫ್ಟ್ ಬ್ಯಾಕ್ ಎಂದು ಹೆಸರು. ಇರುತ್ತಿದ್ದದ್ದು ಅರ್ಧ ಹೊತ್ತು ಎದುರಾಳಿಯ ಅಂಗಳದಲ್ಲಿ. ಹಿಂದೆ ಬಿಟ್ಟು ಬಂದ ಜಾಗಕ್ಕೆ ಬೇರೆಯವರು ನುಗ್ಗಿದಾಗ ನನಗೂ ಸಿಟ್ಟು ಬರುತ್ತಿತ್ತು. ಆದರೆ ಫ್ರೀಕಿಕ್ ಸಿಕ್ಕಾಗ ಚೆಂಡಿನ ಹತ್ತಿರ ಅವನು ಬಂದು ನಿಂತರೆ ಎಲ್ಲ ಮಾಫಿ. ಮುಖದಲ್ಲಿ ನಗುವಿಲ್ಲ, ಆಡಂಬರವಿಲ್ಲ. ಯಾರ ಮೇಲೋ ಮುನಿಸಿಕೊಂಡವನ ಹಾಗೆ ಎಡಗಾಲು ಬೀಸುತ್ತಿದ್ದ.

2012ರ ಮೇ 13ರಂದು, 44 ವರ್ಷಗಳ ನಂತರ ಸಿಟಿಗೆ ಲೀಗ್ ಪ್ರಶಸ್ತಿ. ಕೊನೆಯ ಗಳಿಗೆಯಲ್ಲಿ ಅಗ್ವೇರೋ ಹೊಡೆದ ಗೋಲಿಗೆ ಇಡೀ ಕೆಫೆಟೇರಿಯಾ ಎದ್ದು ಕುಣಿಯಿತು. ನನ್ನವನು ಆ ದಿನ ಆಡಲೇ ಇಲ್ಲ. ಎಡಬದಿಗೆ ಕ್ಲಿಶಿ ಇದ್ದ. ಡಿಫೆಂಡರನ ಭಕ್ತನಿಗೆ ಇಂಥ ಹಬ್ಬಗಳೇ ಗತಿ. 2014ರಲ್ಲಿ ಮತ್ತೆ ಲೀಗ್ ಗೆದ್ದ ತಂಡ ಅದೇ ವಾರ ಅಲ್ ಐನ್‌ಗೆ ಬಂದು ಸೌಹಾರ್ದ ಪಂದ್ಯ ಆಡಿತು. ಯಜಮಾನರ ಮನೆಗೆ ಬಂದು ಮುಖ ತೋರಿಸಿ ಹೋಗುವುದು ಎಲ್ಲ ನೌಕರಿಯಲ್ಲೂ ಇದ್ದದ್ದೇ.

ರೋಮಿನ ಕಥೆ ಇನ್ನೂ ಸೊಗಸು. 2009ರಲ್ಲಿ ಲಾಜಿಯೋ ಪರವಾಗಿ, ತನ್ನ ಅಂಗಳದಿಂದಲೇ ಚೆಂಡು ಒಯ್ದು ರೋಮಾದ ಬಲೆಗೆ ಹಾಕಿದವನು, 2018ರಲ್ಲಿ ರೋಮಾದ ಅಂಗಿ ತೊಟ್ಟು ಅದೇ ಲಾಜಿಯೋಗೆ ಫ್ರೀಕಿಕ್‌ನಲ್ಲಿ ಗೋಲು ಹೊಡೆದ. ಆ ನಗರದ ಡರ್ಬಿಯಲ್ಲಿ ಎರಡೂ ಕಡೆಗೆ ಗೋಲು ಹೊಡೆದವರಲ್ಲಿ ಅವನಿಗಿಂತ ಮುಂಚಿನವನು ಸ್ವೀಡನ್ನಿನ ಸೆಲ್ಮೊಸನ್ ಒಬ್ಬನೇ.

ನನಗೆ ಎಲ್ಲಕ್ಕಿಂತ ಇಷ್ಟದ್ದು 2018ರ ಜೂನ್ 17ರ ವಿಶ್ವಕಪ್ ಪಂದ್ಯ. ರಷ್ಯಾದ ಸಮಾರಾಕ್ಕೂ ದುಬೈಗೂ ಗಡಿಯಾರ ಒಂದೇ. ಅಲ್ಲಿ ನಾಲ್ಕು ಗಂಟೆಯಾದರೆ ಇಲ್ಲೂ ನಾಲ್ಕು. ಈದ್ ಮುಗಿದು ಎರಡೇ ದಿನ, ಹೊರಗೆ ಸುಡುವ ಬಿಸಿಲು. ಸರ್ಬಿಯಾದ ನಾಯಕನಾಗಿ ಕೋಸ್ಟರಿಕಾ ವಿರುದ್ಧ 56ನೇ ನಿಮಿಷದಲ್ಲಿ ಅವನ ಫ್ರೀಕಿಕ್ ಗೋಡೆಯನ್ನು ದಾಟಿ ಬಲೆಯ ಮೇಲಿನ ಮೂಲೆಗೆ ಹೋಯಿತು. ಗೋಲಿ ಕೇಲರ್ ನವಾಸ್ ಕೈಚಾಚಿ ಹಾರಿದ, ಎಟುಕಲಿಲ್ಲ. ಆಟ 1–0ಕ್ಕೆ ಮುಗಿಯಿತು.

2021ರಲ್ಲಿ ಇಂಟರ್ ಜೊತೆ ಇಟಲಿಯ ಲೀಗನ್ನೂ ಗೆದ್ದು, 2022ರಲ್ಲಿ ಆಟ ನಿಲ್ಲಿಸಿದ. ಸರ್ಬಿಯಾಕ್ಕಾಗಿ 94 ಪಂದ್ಯ, 11 ಗೋಲು. ಡಿಫೆಂಡರ್ ಒಬ್ಬನ ಲೆಕ್ಕದಲ್ಲಿ ಇದು ಜಾಸ್ತಿಯೇ. ಕಾಕನ ತಕರಾರು ಸರಿಯೇ ಇತ್ತು.