ತಳ ಸೇರದ ಬೆಳ್ಳಿ

ಮಕ್ಕಳೇ, ಹಾಳಾದ ಕಂಪ್ಯೂಟರ್ ಕೀಲಿಮಣೆಯೊಂದು ನಿಮ್ಮ ಶಾಲೆಯ ಮೂಲೆ ಸೇರಿದ್ದರೆ ಗುರುಗಳ ಅನುಮತಿ ಪಡೆದು ಬಿಚ್ಚಿ ನೋಡಿ. ಹೆಚ್ಚಿನವುಗಳ ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಅವುಗಳ ಮೇಲೆ ರಂಗೋಲಿಯ ಎಳೆಗಳಂತೆ ಬೂದುಬಣ್ಣದ ಗೆರೆಗಳು. ತಂತಿ ಎಲ್ಲಿದೆ ಎಂದು ಹುಡುಕಬೇಡಿ, ಆ ಗೆರೆಗಳೇ ತಂತಿ! ಬೆಳ್ಳಿಯ ಕಣಗಳಿರುವ ಶಾಯಿಯಿಂದ ಅವನ್ನು ಅಚ್ಚು ಹಾಕಿರುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ನಾವು ಹೀಗೆಯೇ ಒಂದು ಕೀಲಿಮಣೆ ಬಿಚ್ಚಿದ್ದೆವು. ಬ್ಯಾಟರಿ, ಸಣ್ಣ ಎಲ್‌ಇಡಿ ಜೋಡಿಸಿದಾಗ ಗೆರೆಯ ಮೂಲಕ ವಿದ್ಯುತ್ ಹರಿದು ದೀಪ ಹೊತ್ತಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಕಣ್ಣು ಆಫೀಸು ಕೋಣೆಯ ಕಡೆಗಿತ್ತು. "ಮೇಡಂ, ನಮ್ಮ ಪ್ರಿಂಟರಿಗೆ ಬೆಳ್ಳಿ ಶಾಯಿ ಹಾಕಿದರೆ ನಾವೇ ಇಂಥ ಗೆರೆ ಮುದ್ರಿಸಬಹುದಲ್ಲವಾ?" ಎಂದಳು.

ಎಂಥ ಪ್ರಶ್ನೆ! ಎಂ.ಎಸ್ಸಿ. ಓದಿದವಳು ನಾನು, ಸ್ವಲ್ಪ ನಿಂತು ಯೋಚಿಸಬೇಕಿತ್ತು. ಉತ್ಸಾಹದಲ್ಲಿ ಯೋಚಿಸಲಿಲ್ಲ. ಬೆಳ್ಳಿ ದುಬಾರಿಯೆಂದು ಹಾರ್ಡ್‌ವೇರ್ ಅಂಗಡಿಯಿಂದ ಗೇಟಿಗೆ ಬಳಿಯುವ ಬೆಳ್ಳಿ ಬಣ್ಣದ ಪುಡಿ ತಂದೆ. ಅದರಲ್ಲಿರುವುದು ಬೆಳ್ಳಿಯಲ್ಲ, ಅಲ್ಯೂಮಿನಿಯಂ. ಅದನ್ನು ಶಾಯಿಯಲ್ಲಿ ಕಲಕಿ, ಚೆನ್ನಾಗಿ ಕುಲುಕಿ, ಹಳೆಯ ಕಾರ್ಟ್ರಿಜ್ ಒಂದಕ್ಕೆ ತುಂಬಿದೆ. ಒಂದೂವರೆ ಗೆರೆ ಮೂಡಿತು, ಅಷ್ಟೆ. ಶಾಯಿ ಹಾಳೆಗೆ ಇಳಿಯುವ ಮುದ್ರಣ ತಲೆ ಕಟ್ಟಿಕೊಂಡಿತು. ಬಿಸಿನೀರಿನಲ್ಲಿ ತೊಳೆದರೂ, ಬಟ್ಟೆಯಲ್ಲಿ ಒರೆಸಿದರೂ ಬಿಡಲಿಲ್ಲ. ಅಂಕಪಟ್ಟಿ ಮುದ್ರಿಸಬೇಕಾಗಿದ್ದ ವಾರ ಅದು. ಮುಖ್ಯ ಗುರುಗಳು ನನಗೇನೂ ಅನ್ನಲಿಲ್ಲ, ಪ್ರಿಂಟರನ್ನು ನೋಡುತ್ತಾ ನಿಂತರು. ಬೈದಿದ್ದರೆ ಒಳ್ಳೆಯದಿತ್ತು. (ದಯವಿಟ್ಟು ನೀವ್ಯಾರೂ ಇದನ್ನು ಮಾಡಬೇಡಿ. ಪ್ರಿಂಟರಿನ ಮಾತಿರಲಿ, ಅಲ್ಯೂಮಿನಿಯಂ ಪುಡಿ ಸುಲಭವಾಗಿ ಬೆಂಕಿ ಹಿಡಿಯುವ ವಸ್ತು.)

ದುಡ್ಡು ಕೊಟ್ಟು ರಿಪೇರಿ ಮಾಡಿಸಿದೆ. ಆದರೆ ಮುಂದಿನ ಭೇಟಿಯಲ್ಲಿ ಆ ಹುಡುಗಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಾನು ಕೇಳಿದ್ದರಿಂದಲೇ ಪ್ರಿಂಟರ್ ಕೆಟ್ಟಿತು ಎಂದು ಗೆಳತಿಯರ ಬಳಿ ಹೇಳಿಕೊಂಡಿದ್ದಳಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಟ್ಟದ್ದು ಅವಳ ಪ್ರಶ್ನೆಯಿಂದಲ್ಲ, ನನ್ನ ಆತುರದ ಉತ್ತರದಿಂದ ಎಂದು ಅವಳಿಗೆ ಹೇಳಬೇಕಿತ್ತು. ಬರಿದೇ ಹೇಳಿದರೆ ಸಾಲದು, ಯಾಕೆ ಎಂದು ತಿಳಿಸಬೇಕಿತ್ತು. ಹಾಗಾಗಿ ನಾನು ಮತ್ತೆ ಓದಲು ಕುಳಿತೆ.

ಮೊದಲನೆಯದು ತೂತಿನ ಲೆಕ್ಕ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಶಾಯಿ ಹನಿಹನಿಯಾಗಿ ಚಿಮ್ಮುವ ತೂತುಗಳ ಅಗಲ ಸುಮಾರು 20ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಿಮ್ಮ ತಲೆಗೂದಲೂ ಆ ತೂತಿನೊಳಗೆ ನುಸುಳುವುದು ಕಷ್ಟ! ಅದರಲ್ಲಿ ನಾನು ಗೇಟಿನ ಬಣ್ಣದ ಚೂರುಗಳನ್ನು ನುಗ್ಗಿಸಲು ಹೊರಟಿದ್ದೆ. ಕಣಗಳು ತೂತಿಗಿಂತ ಒಂದಿಷ್ಟು ಚಿಕ್ಕದಾಗಿದ್ದರೂ ಸಾಲದು. ಜಾತ್ರೆಯ ದಿನ ದೇವಸ್ಥಾನದ ಬಾಗಿಲಲ್ಲಿ ನಾಲ್ಕು ಜನ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ? ಹಾಗೆಯೇ ಇಲ್ಲೂ. ಕಣಗಳು ತೂತಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬೇಕು.

ಎರಡನೆಯದು ಇನ್ನೂ ಕಷ್ಟದ್ದು. ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ಸಾಂದ್ರ. ನೀರಿನಲ್ಲಿ ಕದಡಿದರೆ ಮುಳುಗಲೇಬೇಕು. ಆದರೆ ಎಷ್ಟು ಬೇಗ? 5 ಮೈಕ್ರಾನ್ ಅಗಲದ ಬೆಳ್ಳಿಯ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 13 ನಿಮಿಷ ಸಾಕು. ಕಣದ ಅಗಲವನ್ನು ನೂರು ಪಟ್ಟು ಕಿರಿದು ಮಾಡಿ ನೋಡಿ. ಇಳಿಯುವ ವೇಗ ನೂರು ಪಟ್ಟಲ್ಲ, ನೂರರ ವರ್ಗದಷ್ಟು, ಅಂದರೆ ಹತ್ತು ಸಾವಿರ ಪಟ್ಟು ತಗ್ಗುತ್ತದೆ. 13 ನಿಮಿಷದ ದಾರಿಗೆ ಮೂರು ತಿಂಗಳು ಬೇಕು! ಇನ್ನೂ ಚಿಕ್ಕದಾಗಿ, ಮೈಕ್ರಾನಿನ ನೂರರಲ್ಲೊಂದು ಭಾಗವಾದರೆ, ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ತಳ್ಳಾಡುತ್ತಾ ಅದನ್ನು ತಳ ಸೇರಲು ಬಿಡುವುದೇ ಇಲ್ಲ.

ಇದು ಬರೀ ಲೆಕ್ಕವಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ತಯಾರಿಸಿದ ಚಿನ್ನದ ದ್ರವದ ಬಾಟಲಿಗಳನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ಅವನು ಆ ಕೆಲಸದ ಬಗ್ಗೆ ಉಪನ್ಯಾಸ ನೀಡಿದ್ದು 1857ರಲ್ಲಿ. ಚಿನ್ನ ಎಂದರೆ ಹಳದಿ ಎಂದುಕೊಂಡಿರಾ? ಅಷ್ಟು ಚಿಕ್ಕ ಕಣಗಳಾದಾಗ ಅದರ ಬಣ್ಣ ಮಾಣಿಕ್ಯದಂತೆ ಕೆಂಪು. ಉಪ್ಪು ಹಾಕಿದಾಗ ಆ ಕೆಂಪು ನೀಲಿಗೆ ತಿರುಗುವುದನ್ನೂ ಅವನು ಕಂಡಿದ್ದ. ಕಣಗಳು ಒಂದಕ್ಕೊಂದು ಅಂಟಿ ಗುಂಪಾದದ್ದೇ ಅದಕ್ಕೆ ಕಾರಣ.

ಈ ಗುಂಪಾಗುವುದೇ ಶಾಯಿ ಮಾಡುವವರ ದೊಡ್ಡ ತಲೆನೋವು. ಚಿಕ್ಕ ಕಣಗಳು ಹತ್ತಿರ ಬಂದರೆ ಪರಸ್ಪರ ಅಂಟಿಕೊಳ್ಳುತ್ತವೆ. ಅಂಟಿದರೆ ದೊಡ್ಡದಾಗುತ್ತವೆ, ದೊಡ್ಡದಾದರೆ ಮುಳುಗುತ್ತವೆ, ತೂತನ್ನೂ ಕಟ್ಟುತ್ತವೆ. ಆದ್ದರಿಂದ ಪ್ರತಿಯೊಂದು ಕಣಕ್ಕೂ ಉದ್ದನೆಯ ಅಣುಗಳ ಹೊದಿಕೆ ತೊಡಿಸುತ್ತಾರೆ. ಕೊಡೆ ಬಿಚ್ಚಿ ಹಿಡಿದ ಇಬ್ಬರು ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲಲಾದೀತೆ? ಹಾಗೆ.

ಆದರೆ ಕೊಡೆ ಬಿಚ್ಚಿಯೇ ಇದ್ದರೆ ವಿದ್ಯುತ್ ಒಂದು ಕಣದಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ಬಾಟಲಿಯಲ್ಲಿ ಕಣಗಳು ದೂರ ಇರಬೇಕು, ಹಾಳೆಯ ಮೇಲೆ ಒಂದಾಗಬೇಕು! ಅದಕ್ಕೆ ಮುದ್ರಿಸಿದ ಮೇಲೆ ಸಾಮಾನ್ಯವಾಗಿ 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಹೊದಿಕೆ ಸರಿದು ಕಣಗಳು ಬೆಸೆದುಕೊಳ್ಳುತ್ತವೆ. ಬೆಳ್ಳಿ ಕರಗಲು 961 ಡಿಗ್ರಿ ಬೇಕು, ಆದರೂ ಇಷ್ಟು ಪುಟ್ಟ ಕಣಗಳು ಕಡಿಮೆ ಶಾಖದಲ್ಲೇ ಕೂಡಿಕೊಳ್ಳುತ್ತವೆ. ಅಂದ ಹಾಗೆ, ನನ್ನ ಅಲ್ಯೂಮಿನಿಯಂ ಗೆರೆ ಪೂರ್ತಿ ಮೂಡಿದ್ದರೂ ದೀಪ ಹೊತ್ತುತ್ತಿರಲಿಲ್ಲ. ಗಾಳಿಗೆ ಒಡ್ಡಿದ ಅಲ್ಯೂಮಿನಿಯಂ ಚೂರುಗಳಿಗೆ ವಿದ್ಯುತ್ ಹರಿಯಗೊಡದ ಆಕ್ಸೈಡಿನ ಪೊರೆ ಇರುತ್ತದೆ. ಇದನ್ನು ನಾನೇ ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೆ!

ಬೆಳ್ಳಿ ಮುಳುಗದಂತೆ ಮಾಡಲು ಇನ್ನೊಂದು ದಾರಿಯಿದೆ, ಕಣವೇ ಇಲ್ಲದಂತೆ ಕರಗಿಸಿಬಿಡುವುದು. ಮತ ಹಾಕಿದವರ ಬೆರಳಿಗೆ ಹಚ್ಚುವ, ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ ಗೊತ್ತಲ್ಲ? ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿದ ಬೆಳ್ಳಿಯ ಲವಣ. ಉಪ್ಪುನೀರಿನ ಉಪ್ಪಿನಂತೆ ಅದು ತಳ ಸೇರುವುದಿಲ್ಲ. 2012ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಬೇರೊಂದು ಬೆಳ್ಳಿ ಲವಣದಿಂದ ಕಣಗಳಿಲ್ಲದ ಶಾಯಿ ಮಾಡಿದರು. ಅದರಿಂದ ಗೆರೆ ಎಳೆದು ಕಾಯಿಸಿದರೆ ಹಾಳೆಯ ಮೇಲೆಯೇ ಬೆಳ್ಳಿ ಹುಟ್ಟುತ್ತದೆ.

ಓದುತ್ತಾ ಓದುತ್ತಾ ನನಗೆ ಬೇಕಾದದ್ದು ಸಿಕ್ಕಿತು. 2013ರಲ್ಲಿ ಜಪಾನ್ ಮತ್ತು ಅಮೆರಿಕದ ಸಂಶೋಧಕರು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿಗೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳ ಶಾಯಿ ತುಂಬಿ, ವಿಶೇಷ ಕಾಗದದ ಮೇಲೆ ವಿದ್ಯುತ್ ಮಂಡಲ ಮುದ್ರಿಸಿ ತೋರಿಸಿದ್ದರು. ಕಾಯಿಸುವ ಕೆಲಸವೂ ಇರಲಿಲ್ಲ.

ಆ ಶಾಲೆಗೆ ಹೋಗಿ ಹುಡುಗಿಯನ್ನು ಹತ್ತಿರ ಕರೆದೆ. "ನೀನು ಕೇಳಿದ್ದು ಸರಿಯಾಗಿಯೇ ಇತ್ತು ಕಣಮ್ಮ. ಆಗುತ್ತದೆ. ಪ್ರಿಂಟರ್ ಕೆಡಿಸಿದವಳು ನಾನು" ಎಂದೆ. ಅವಳು ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ನಾವೂ ಮುಳುಗದ ಶಾಯಿ ಮಾಡೋಣವಾ ಮೇಡಂ? ಬೆಳ್ಳಿ ಬೇಡ" ಎಂದಳು.

ಮಾಡಿದೆವು. ದೀಪದ ಮೇಲೆ ತಟ್ಟೆ ಹಿಡಿದು ನಾನು ಮಸಿ ಕೂಡಿಸಿದೆ. ಬರಿಯ ನೀರಿಗೆ ಹಾಕಿದರೆ ಮಸಿ ಬೆರೆಯದೆ ಮೇಲೆ ತೇಲಿತು. ಜಾಲಿ ಗೋಂದಿನ ನೀರಿನೊಂದಿಗೆ ಅರ್ಧ ಗಂಟೆ ಅರೆದಾಗ ಕಪ್ಪಗೆ ಬೆರೆತುಕೊಂಡಿತು. ಗೋಂದು ಮಸಿಯ ಕಣಗಳಿಗೆ ಕೊಡೆ ಹಿಡಿಯುತ್ತದೆ. ಎರಡು ಬಾಟಲಿಗಳನ್ನೂ ಕಿಟಕಿಯಲ್ಲಿಟ್ಟು ಬಂದೆ.

ಒಂದೂವರೆ ತಿಂಗಳ ನಂತರ ಹೋದಾಗ ಅವಳು ಗೇಟಿನ ಬಳಿಯೇ ಬಾಟಲಿ ಹಿಡಿದು ಕಾಯುತ್ತಿದ್ದಳು. ಗೋಂದಿನ ಶಾಯಿ ಇನ್ನೂ ಕಪ್ಪಗೇ ಇತ್ತು. ತಳದಲ್ಲಿ ತೆಳ್ಳನೆಯ ಗಸಿ ಮಾತ್ರ. ಆದರೆ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು.

"ಗೋಂದಿಗೆ ಬೂಷ್ಟು ಬಂದಿದೆ ಮೇಡಂ. ಲವಂಗದ ಎಣ್ಣೆ ಒಂದು ಹನಿ ಹಾಕಿದರೆ ನಿಲ್ಲುತ್ತದಾ?" ಎಂದು ಕೇಳಿದಳು.