ಒತ್ತಬ್ಯಾಡ ಅವ್ವಾ, ಮುಟ್ಟು

ಗದಗಿನಿಂದ ಅವ್ವ ನಮ್ಮ ಪುಣೆಯ ಮನೆಗೆ ಬಂದು ಮೂರು ವಾರವಾಗಿತ್ತು. ಒಂದು ಸಂಜೆ ಚಿಗವ್ವನ ಮೊಮ್ಮಗ ನನಗೆ ಫೋನ್ ಮಾಡಿದ. "ಕಾಕಾ, ದೊಡ್ಡಾಯಿ ಯಾಕ ಮಾತಾಡವಲ್ಲಳು? ನಮ್ಮ ಆಯಿ ದಿನಾ ಮಧ್ಯಾಹ್ನ ಕಾಯಾಕತ್ತಾಳ. ಸಿಟ್ಟಾಗ್ಯಾಳೇನಂತ ಕೇಳಾಕತ್ತಾಳ."

ನನಗೆ ಆಶ್ಚರ್ಯ. ಆಫೀಸಿನಿಂದ ಬಂದು ದಿನಾ ಕೇಳುತ್ತಿದ್ದೆ, "ಚಿಗವ್ವನ ಕೂಡ ಮಾತಾಡಿದ್ಯಾ?" ಅಂತ. "ಇವತ್ತ ನೆಟ್ ಇರಲಿಲ್ಲಪಾ" ಅನ್ನುತ್ತಿದ್ದಳು. ನಾನೂ ನಂಬಿಬಿಟ್ಟಿದ್ದೆ.

ಚಿಗವ್ವನಿಗೆ ಎರಡೂ ಕಿವಿ ಮಂದ. ಅವ್ವನ ಬಳಿ ಇರುವುದು ಗುಂಡಿ ಒತ್ತುವ ಸಣ್ಣ ಫೋನು, ಅದರಲ್ಲಿ ಎಷ್ಟು ಕೂಗಿದರೂ ಆಕೆಗೆ ತಿಳಿಯುವುದಿಲ್ಲ. ಮುಖ ಕಂಡರೆ ಮಾತ್ರ ತುಟಿ ನೋಡಿ, ಕೈಸನ್ನೆ ನೋಡಿ ಅಕ್ಕನ ಮಾತು ಹಿಡಿಯುತ್ತಾಳೆ. ಅದಕ್ಕೇ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವ್ವನಿಗೆ ಬಿಟ್ಟುಕೊಟ್ಟು ವಿಡಿಯೊ ಕಾಲ್ ಮಾಡುವುದನ್ನು ಕಲಿಸಿದ್ದೆ. ಕಲಿಸಿದ್ದೆ ಅಂದರೆ, ಎರಡು ದಿನ ತೋರಿಸಿ ಮೂರನೇ ದಿನ ಬೈದಿದ್ದೆ.

ತೊಂದರೆ ಎಲ್ಲ ಟಚ್‌ಪ್ಯಾಡಿನದು. ಅವ್ವ ಬೆರಳಿಟ್ಟು ಸರಿಸಿದರೆ ಪರದೆಯ ಬಾಣ ಕದಲುತ್ತಿರಲಿಲ್ಲ. ಕದಲಲಿಲ್ಲವೆಂದು ಇನ್ನಷ್ಟು ಒತ್ತುತ್ತಿದ್ದಳು. ಒತ್ತಿದರೆ ಅದು ಕ್ಲಿಕ್ ಆಗಿ, ಬಾಣ ಕೆಂಪು ಗುರುತಿನ ಮೇಲಿದ್ದರೆ ಮಾತಿನ ನಡುವೆಯೇ ಕಾಲ್ ಕಟ್.

"ಒತ್ತಬ್ಯಾಡ ಅವ್ವಾ, ಬರೇ ಮುಟ್ಟು."

"ಮುಟ್ಟೇನಲ್ಲೋ."

"ಎಲ್ಲಿ ಮುಟ್ಟೀದಿ? ಸಣ್ಣ ಹುಡುಗೂರಿಗೂ ಬರ್ತೈತಿ ಇದು!"

ಅವಳು ಏನೂ ಅನ್ನದೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ್ದಳು. ಆಮೇಲೆ ಅದನ್ನು ತೆರೆದೇ ಇರಲಿಲ್ಲ.

ಆ ಫೋನು ಬಂದ ಮರುದಿನ ಭಾನುವಾರ. ಅವ್ವನ ಪಕ್ಕ ಕೂತು ಮೊದಲ ಸಲ ಅವಳ ಬೆರಳು ನೋಡಿದೆ. ಮೂವತ್ತೈದು ವರ್ಷ ಊರ ಹೆಂಗಸರ ಕುಪ್ಪಸ ಹೊಲಿದು, ಕೊಕ್ಕೆ ಹಚ್ಚಿ, ಸೀರೆಗೆ ಫಾಲ್ ಕೂಡಿಸಿದ ಕೈ. ಸೂಜಿ ಚುಚ್ಚಿ ಚುಚ್ಚಿ ತೋರುಬೆರಳಿನ ತುದಿ ಜಡ್ಡುಗಟ್ಟಿದೆ. ಪುಣೆಯ ಚಳಿಗೆ ಆ ಜಡ್ಡೂ ಒಣಗಿ ಸೀಳಿತ್ತು. ಅದೇ ಟಚ್‌ಪ್ಯಾಡಿನ ಮೇಲೆ ನನ್ನ ಬೆರಳಿಟ್ಟೆ, ಬಾಣ ಓಡಿತು. ಅವಳ ಬೆರಳಿಟ್ಟೆ, ಓಡಲಿಲ್ಲ.

ಟಚ್‌ಪ್ಯಾಡ್ ಬಾಣವನ್ನು ಓಡಿಸುವುದು ಬೆರಳಿನ ಒತ್ತಡ ನೋಡಿ ಅಲ್ಲ. ಅದರ ಮೇಲ್ಮೈ ಕೆಳಗೆ ಅಡ್ಡ-ಉದ್ದ ಹೆಣೆದ ತೆಳು ವಾಹಕಗಳ ಜಾಲವಿರುತ್ತದೆ, ಅದರಲ್ಲಿ ತುಸು ವಿದ್ಯುದಾವೇಶ. ನಮ್ಮ ಮೈಯಲ್ಲಿ ನೀರೂ ಉಪ್ಪೂ ಇರುವುದರಿಂದ ಅದೂ ಒಂದು ವಾಹಕವೇ. ಬೆರಳು ಹತ್ತಿರ ಬಂದ ಕಡೆ ಆವೇಶ ತುಸು ಬದಲಾಗುತ್ತದೆ. ಚಿಪ್ಪು ಆ ಬದಲಾವಣೆಯನ್ನು ಅಳೆದು ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಆದರೆ ದಪ್ಪಗೆ ಒಣಗಿದ ಚರ್ಮದಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಒಳಗಿನ ಹಸಿ ಮಾಂಸಕ್ಕೂ ಜಾಲಕ್ಕೂ ನಡುವೆ ಅದು ಅರಿವೆಯ ತುಂಡು ಇಟ್ಟ ಹಾಗೆ. ಬದಲಾವಣೆ ತೀರ ಕಡಿಮೆಯಾದರೆ ಯಂತ್ರದ ಲೆಕ್ಕದಲ್ಲಿ ಅಲ್ಲಿ ಬೆರಳೇ ಇಲ್ಲ. ಕೈಗವಸು ಹಾಕಿಕೊಂಡು ಮುಟ್ಟಿದರೂ ಹೀಗೇ ಆಗುವುದು.

ಅಂದರೆ ಅವ್ವ ಮುಟ್ಟಿದ್ದು ನಿಜ. ಅದು ತಿಳಿಯದೇ ಹೋದದ್ದು ಯಂತ್ರಕ್ಕೆ. ನನಗೂ.

ಹೀಗೆ ಬೆರಳನ್ನು ಗುರುತಿಸುವ ಪರದೆಯ ಬಗ್ಗೆ ಇಂಗ್ಲೆಂಡಿನ ಇ. ಎ. ಜಾನ್ಸನ್ ಬರೆದದ್ದು 1965ರಲ್ಲಿ, ವಿಮಾನ ಸಂಚಾರ ನಿಯಂತ್ರಿಸುವವರಿಗಾಗಿ. 1994ರಲ್ಲಿ ಆ್ಯಪಲ್‌ನ ಪವರ್‌ಬುಕ್ 500 ಲ್ಯಾಪ್‌ಟಾಪುಗಳಲ್ಲಿ ಉರುಳುವ ಗುಂಡಿನ ಜಾಗಕ್ಕೆ ಟಚ್‌ಪ್ಯಾಡ್ ಬಂತು. ಈಗ ನಮ್ಮ ಅಡುಗೆಮನೆಯ ಇಂಡಕ್ಷನ್ ಒಲೆಯೂ ಮುಟ್ಟಿದರೇ ಹೊತ್ತುವುದು. ಗ್ಯಾಸ್ ಒಲೆಯ ಕಿವಿ ತಿರುಗಿಸಿದರೆ ತಿರುಗಿತು ಎಂದು ಕೈಗೆ ಗೊತ್ತಾಗುತ್ತದೆ. ನುಣ್ಣನೆ ಗಾಜು ಬೆರಳಿಗೆ ಏನನ್ನೂ ಹೇಳುವುದಿಲ್ಲ.

ಅವತ್ತೇ ಕೆಲವು ಬದಲಾವಣೆ ಮಾಡಿದೆ. ಸೆಟ್ಟಿಂಗ್ಸಿಗೆ ಹೋಗಿ ಟಚ್‌ಪ್ಯಾಡಿನ ಸೂಕ್ಷ್ಮತೆಯನ್ನು ಕೊನೆಯ ಹಂತಕ್ಕೆ ಏರಿಸಿದೆ. ತಟ್ಟಿದರೆ ಕ್ಲಿಕ್ ಆಗುವುದನ್ನು ತೆಗೆದೆ. ಬಾಣವನ್ನು ದೊಡ್ಡದು ಮಾಡಿದೆ. ಬೆರಳ ತುದಿಯ ಬದಲು ಒಳಭಾಗವನ್ನು ಚಪ್ಪಟೆಯಾಗಿ ಇಡಲು ಹೇಳಿದೆ. ತಾಗುವ ಜಾಗ ಹೆಚ್ಚಿದಷ್ಟೂ ಗುರುತು ಸಿಗುತ್ತದೆ. ನಿಮ್ಮ ಮನೆಯಲ್ಲೂ ದುಡಿದ ಕೈಗಳಿದ್ದರೆ ಬೈಯುವ ಮೊದಲು ಇಷ್ಟು ಮಾಡಿ ನೋಡಿ.

ಬಾಣ ಓಡಿತು, ಆದರೆ ತಡೆದು ತಡೆದು. ಕೊನೆಗೆ ಕೆಳಗಿನ ಅಂಗಡಿಯಿಂದ ತಂತಿಯ ಮೌಸ್ ತಂದುಕೊಟ್ಟೆ. ಅವ್ವ ಅದನ್ನು ಆಚೆ ಈಚೆ ಸರಿಸಿದಳು, ಗುಂಡಿ ಒತ್ತಿದಳು. ಟಕ್ ಅಂತು. ಇನ್ನೊಮ್ಮೆ ಒತ್ತಿದಳು.

"ಇದು ಚಲೋ ಐತಿ. ಸೂಜಿ ಕೆಳಗ ಅರಿವಿ ಸರಿಸಿದಂಗ."

"ತಪ್ಪು ನಿಂದಲ್ಲ ಬೇ ಅವ್ವಾ. ಅದು ನಿನ್ನ ಬೆರಳು ಹಿಡಿಯೂದಿಲ್ಲ. ನಾನ ಸುಮ್ಮನ ಬೈದೆ."

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಮೊದಲ ಹೇಳಬಾರದೇನೋ? ಸಣ್ಣ ಹುಡುಗೂರಿಗೂ ಬರೂದು ನನಗ ಬರವಲ್ದಂದ್ರ ನನ್ನ ಬುದ್ಧೀಗೇ ಏನೋ ಆಗೈತಿ ಅಂತ ಅಂಜಿದ್ದೆ."

ನೆಟ್ ಇರಲಿಲ್ಲಪಾ ಅನ್ನುತ್ತಿದ್ದ ಅಷ್ಟೂ ದಿನ ಅವಳು ಈ ಅಂಜಿಕೆಯ ಜತೆ ಒಬ್ಬಳೇ ಕೂತಿದ್ದಳು. ಬೆರಳು ನೋಡಲು ನನಗೆ ಎರಡು ನಿಮಿಷ ಸಾಕಾಗಿತ್ತು.

ಮಧ್ಯಾಹ್ನ ಕಾಲ್ ಹತ್ತಿತು. ಮೊಮ್ಮಗ ಹಿಡಿದ ಫೋನಿನಲ್ಲಿ ಚಿಗವ್ವನ ಮುಖ, ಪರದೆಯ ತುಂಬ. ಅವ್ವ ಅಭ್ಯಾಸ ಬಲದಿಂದ ಗಟ್ಟಿಯಾಗಿ ಕೂಗಿದಳು, "ಕೇಳಾಕತ್ತೈತೇನ?"

ಚಿಗವ್ವ ಅಕ್ಕನ ತುಟಿಯನ್ನೇ ನೋಡುತ್ತ ಅಂದಳು, "ಕಾಣಾಕತ್ತೈತಿ. ಹೇಳು."