ಬರಿಗೈ ಬೇಸಿಗೆ

2018ರ ಬೇಸಿಗೆಯಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ ಒಬ್ಬನೇ ಒಬ್ಬ ಆಟಗಾರನನ್ನೂ ಕೊಳ್ಳಲಿಲ್ಲ. 2003ರಲ್ಲಿ ಬೇಸಿಗೆಯ ಟ್ರಾನ್ಸ್‌ಫರ್ ವಿಂಡೋ ಶುರುವಾದಮೇಲೆ ಪ್ರೀಮಿಯರ್ ಲೀಗಿನ ಯಾವ ಕ್ಲಬ್ಬೂ ಹೀಗೆ ಬರಿಗೈಲಿ ಕೂತಿರಲಿಲ್ಲ. ದುಡ್ಡೆಲ್ಲ ಹೊಸ ಸ್ಟೇಡಿಯಮ್ಮಿಗೆ. ಅದೋ, ಹೇಳಿದ ಹೊತ್ತಿಗೆ ಮುಗಿಯಲೂ ಇಲ್ಲ. ಮನೆ ಕಟ್ಟಿಸಿದವರಿಗೆ ಗೊತ್ತು ಈ ಕಥೆ.

ಜನವರಿಯಲ್ಲೂ ಯಾರೂ ಬರಲಿಲ್ಲ, ಮೇಲಾಗಿ ಮೂಸಾ ಡೆಂಬೆಲೆಯನ್ನು ಚೀನಾಕ್ಕೆ ಮಾರಿದರು. ಅಭಿಮಾನಿಗಳು ಅಧ್ಯಕ್ಷ ಡೇನಿಯಲ್ ಲೆವಿಯನ್ನು ಬೈದದ್ದೇ ಬೈದದ್ದು. ಆಮೇಲೆ ನೋಡಿದರೆ ಅದೇ ತಂಡ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋಗಿಬಿಟ್ಟಿತು! ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಲೂಕಾಸ್ ಮೌರಾ ಮೂರನೇ ಗೋಲು ಹೊಡೆದದ್ದು 90 ನಿಮಿಷ ಮುಗಿದಮೇಲಿನ 6ನೇ ನಿಮಿಷದಲ್ಲಿ.

'ನೋಡಿ, ಖರ್ಚಿಲ್ಲದೆಯೂ ಆಯ್ತಲ್ಲ' ಅನ್ನುವವರಿದ್ದಾರೆ. ನನಗೇನೋ ಒಪ್ಪಿಗೆಯಿಲ್ಲ. ಮ್ಯಾಡ್ರಿಡ್‌ನ ಫೈನಲ್‌ನಲ್ಲಿ ಒಂದೂ ಗೋಲು ಬಿಡದೆ ನಿಂತವನು ಎದುರಾಳಿ ಗೋಲ್‌ಕೀಪರ್ ಅಲಿಸನ್. ಲಿವರ್‌ಪೂಲ್ ಅವನನ್ನು ದುಬಾರಿ ಬೆಲೆ ಕೊಟ್ಟು ಕೊಂಡದ್ದು ಅದೇ 2018ರ ಬೇಸಿಗೆಯಲ್ಲಿ. ಟಾಟನ್‌ಹ್ಯಾಮ್ 2-0ಯಿಂದ ಸೋತಿತು. ಆ ದಣಿದ ತಂಡವನ್ನು ಫೈನಲ್‌ವರೆಗೆ ಎಳೆದು ತಂದ ಕೋಚ್ ಪೊಚೆಟಿನೊ ನವೆಂಬರ್‌ನಲ್ಲಿ ಕೆಲಸ ಕಳಕೊಂಡರು. ಲೆವಿ ಕುರ್ಚಿಯಲ್ಲೇ ಇದ್ದರು.